ಪೇಲೋಡ್

'ಪೇ' ಅಂದರೆ ಹಣ ತೆರುವುದು, 'ಲೋಡ್' ಅಂದರೆ ಹೊರೆ. ಸೇರಿದರೆ ಬಾಡಿಗೆ ಹುಟ್ಟಿಸುವ ಹೊರೆ. ಲಾರಿಯ ಸ್ವಂತ ತೂಕಕ್ಕೆ ಯಾರೂ ಕಾಸು ಕೊಡುವುದಿಲ್ಲ; ಒಳಗಿರುವ ಈರುಳ್ಳಿ ಮೂಟೆಗಳಿಗೆ ಕೊಡುತ್ತಾರೆ. ಸರಕು ಸಾಗಣೆಯವರ ಈ ಮಾತು ವಿಮಾನ, ರಾಕೆಟ್ ಹತ್ತಿ ರೇಡಿಯೋ ಸಂದೇಶಕ್ಕೂ ಬಂತು; ಅಲ್ಲಿ ಪೇಲೋಡ್ ಎಂದರೆ ಸಂದೇಶದೊಳಗಿನ ನಿಜವಾದ ಮಾಹಿತಿ.

ವೈರ್‌ಲೆಸ್ ಸೆನ್ಸರ್ ಜಾಲಗಳಲ್ಲಿ ಈ ಪದದ ವ್ಯಾಪಾರಬುದ್ಧಿ ಚೆನ್ನಾಗಿ ಕಾಣುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ, ಈ ಜಾಲಗಳ ಪುಟ್ಟ ಸಾಧನಗಳನ್ನು (ನೋಡ್‌ಗಳನ್ನು) ನಡೆಸುವ ಆಪರೇಟಿಂಗ್ ಸಿಸ್ಟಮ್ ಟೈನಿಓಎಸ್‌ನ ಎರಡನೇ ಆವೃತ್ತಿಯಲ್ಲಿ, ನಾವು ಬೇರೇನೂ ಹೇಳದಿದ್ದರೆ, ಪೇಲೋಡ್‌ಗೆ ಸಿಗುವುದು 28 ಬೈಟ್. ನೋಡ್‌ನ ಸಂಖ್ಯೆಗೆ 2, ಸಂದೇಶದ ಕ್ರಮಸಂಖ್ಯೆಗೆ 2 ಬೈಟ್ ಕಳೆಯಿರಿ. ತಲಾ 2 ಬೈಟ್‌ನ 12 ತಾಪಮಾನದ ಅಂಕಿಗಳು ಹಿಡಿಸುತ್ತವೆ. ಹದಿಮೂರನೆಯದಕ್ಕೆ ಸೀಟಿಲ್ಲ! ಜಾಗ ಹಿಗ್ಗಿಸಬಹುದು, ಆದರೆ ಇಂಥ ಹಲವು ರೇಡಿಯೋಗಳು ಪಾಲಿಸುವ 802.15.4 ಮಾನದಂಡದ ಮೂಲ ರೂಪದಲ್ಲಿ ಹೆಡರ್ (ವಿಳಾಸದಂಥ ವಿವರಗಳ ಭಾಗ) ಸೇರಿ ಇಡೀ ಫ್ರೇಮ್ 127 ಬೈಟ್ ದಾಟುವಂತಿಲ್ಲ. ಪೇಲೋಡ್ ತೀರಾ ಚಿಕ್ಕದಾದರೆ ಹೆಡರ್‌ನ ಖರ್ಚೇ ಹೆಚ್ಚು, ಖಾಲಿ ಲಾರಿ ಓಡಿಸಿದಂತೆ. ದೊಡ್ಡದಾದರೆ ಒಂದು ಬಿಟ್ ಕೆಟ್ಟರೂ ಅಷ್ಟೂ ಸಂದೇಶ ಹಾಳು. ಮತ್ತೆ ಕಳಿಸುವುದರಲ್ಲಿ ಬ್ಯಾಟರಿ ಸೊರಗುತ್ತದೆ.

ಕನ್ನಡದಲ್ಲಿ ಏನನ್ನೋಣ? 'ಹೊರೆ' ಎಂದರೆ ಭಾರವಷ್ಟೇ ಕೇಳಿಸುತ್ತದೆ, ಸಂಪಾದನೆ ಕೇಳಿಸುವುದಿಲ್ಲ. 'ಸರಕು' ವಾಸಿ. ಕೋಡ್ ಬರೆಯುವವರ ಬಾಯಲ್ಲಿ ಮಾತ್ರ ಅದು ಪೇಲೋಡೇ.