ಪೊಗದಿಯ ಲೆಕ್ಕ

ರಾಜ್ಯವೊಂದು ಸೈನ್ಯಕ್ಕಾಗಿ ಎಷ್ಟು ವೆಚ್ಚ ಮಾಡಿತೆಂಬುದು ಅದರ ಆಯವ್ಯಯ ಪತ್ರದಿಂದ ತಿಳಿಯುತ್ತದೆ. ಆ ವೆಚ್ಚವನ್ನು ಗೊತ್ತುಮಾಡಿದವರು ಯಾರೆಂಬುದನ್ನು ಇತಿಹಾಸದಿಂದಲೇ ತಿಳಿಯಬೇಕು. ಹಳೆಯ ಮೈಸೂರು ಸಂಸ್ಥಾನದ ಪೊಗದಿಯ ಕಥೆ ಇದಕ್ಕೊಂದು ನಿದರ್ಶನ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ವರ್ಷದ ಜುಲೈ ತಿಂಗಳ ಒಪ್ಪಂದದಂತೆ, ಕಂಪನಿಯ ಸೇನೆಯ ವೆಚ್ಚಕ್ಕೆಂದು ಮೈಸೂರು ವರ್ಷಂಪ್ರತಿ 7 ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ತೆರಬೇಕಾಯಿತು. ಒಡೆಯರಿಗೆ ಬಿಟ್ಟುಕೊಟ್ಟ ಸೀಮೆಯ ಹುಟ್ಟುವಳಿಯನ್ನು ಅಂದು ಅಂದಾಜು ಮಾಡಿದ್ದು 13.74 ಲಕ್ಷ ಕಂಠೀರಾಯಿ ವರಹಗಳೆಂದು. ಆ ಲೆಕ್ಕದಲ್ಲಿ ಅರ್ಧಕ್ಕೂ ಮಿಗಿಲಾದ ಪಾಲು ಪೊಗದಿಗೇ ಮೀಸಲು. ಮಳೆ ಬರಲಿ, ಬಾರದಿರಲಿ, ಮೊತ್ತ ಮಾತ್ರ ಕದಲದು. ಹಣಕ್ಕೆ ಅಪಾಯ ತೋರಿದರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪನಿ ಅದೇ ಒಪ್ಪಂದದಲ್ಲಿ ಕಾದಿರಿಸಿಕೊಂಡಿತ್ತು. ನಗರದ ದಂಗೆಯ ಬೆನ್ನಿಗೆ, 1831ರಲ್ಲಿ, ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಸಿದುಕೊಂಡಾಗ ಆಧಾರವಾಗಿ ಹಿಡಿದದ್ದು ಆ ವಿಧಿಯನ್ನೇ.

ಅರ್ಧ ಶತಮಾನದ ತರುವಾಯ, 1881ರಲ್ಲಿ, ರಾಜ್ಯವು ಒಡೆಯರ ಮನೆತನಕ್ಕೆ ಮರಳಿತು. 1876-78ರ ಬರದಲ್ಲಿ ಸುಮಾರು 10 ಲಕ್ಷ ಜನ ಅಳಿದಿದ್ದರು. ಬೊಕ್ಕಸದ ಮೇಲೆ ಸಾಲದ ಹೊರೆಯಿತ್ತು. ಅಂಥ ಹೊತ್ತಿನಲ್ಲಿಯೇ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸುವ ಕಟ್ಟಳೆ ಹೊರಟಿತು. ಮೈಸೂರಿನ ಮೇಲೆ ಯಾವ ಶತ್ರುವೂ ಏರಿಬಂದಿರಲಿಲ್ಲ. ಬರದ ದೆಸೆಯಿಂದ ಏರಿಕೆಯನ್ನು ಮುಂದೂಡಲಾಯಿತಾದರೂ 1896ರಲ್ಲಿ ಅದು ಜಾರಿಗೆ ಬಂದೇಬಂದಿತು. ಇದಲ್ಲದೆ ಸಂಸ್ಥಾನವು ತನ್ನದೇ ಸೈನ್ಯವನ್ನೂ ಸಾಕಬೇಕಿತ್ತು. 1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಈ ನಾಡಿನವರೇ. ಹೀಗೆ ರಕ್ಷಣೆಯ ವೆಚ್ಚವನ್ನು ಪ್ರಜೆಗಳು ಎರಡು ಬಾರಿ ತೆತ್ತಂತಾಯಿತು.

1928ರಲ್ಲಿ ಪೊಗದಿ ಮತ್ತೆ 24.5 ಲಕ್ಷಕ್ಕೆ ಇಳಿಯಿತು. ನಡುವಣ 32 ವರ್ಷಗಳಲ್ಲಿ ಹೆಚ್ಚಾಗಿ ತೆತ್ತ ಹಣವನ್ನು ಕೂಡಿಸಿದರೆ ಮೂರು ಕೋಟಿ ಮೀರುತ್ತದೆ. ಎಷ್ಟು ಕೆರೆಗಳ ಹೂಳು, ಎಷ್ಟು ಶಾಲೆಗಳ ಗೋಡೆ ಆ ಮೊತ್ತದಲ್ಲಿ ಅಡಗಿದ್ದವೋ! 1947ರಲ್ಲಿ ಬ್ರಿಟಿಷರ ಪರಮಾಧಿಕಾರದೊಡನೆ ಆ ಹಳೆಯ ಒಪ್ಪಂದಗಳೂ ಬಿದ್ದುಹೋದವು.

ಏರಿದಾಗಲೂ ಇಳಿದಾಗಲೂ ಈ ವೆಚ್ಚಕ್ಕೆ ತೆತ್ತವರ ಒಪ್ಪಿಗೆ ಬೇಕಾಗಿರಲಿಲ್ಲ. ಇಂದು ರಕ್ಷಣಾ ವೆಚ್ಚವನ್ನು ಸಂಸತ್ತಿನ ಮುಂದಿಟ್ಟು ಮಂಜೂರಾತಿ ಪಡೆಯಬೇಕು. ಅದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಾದ ಇದ್ದೇ ಇರುತ್ತದೆ. ಆ ವಾದವನ್ನು ಹೂಡುವ ಹಕ್ಕು ನಮ್ಮ ಹಿರಿಯರಿಗೆ ದೊರೆಯದೆ ಹೋಗಿದ್ದನ್ನು ನಾವು ಮರೆಯಬಾರದು.