ಕಪ್ಪು ಹನಿಯ ಬೆನ್ನಟ್ಟಿದವರು

ಭೂಮಿಯಿಂದ ಸೂರ್ಯನಿಗೆ ಎಷ್ಟು ದೂರ? ಶುಕ್ರನು ಸೂರ್ಯಬಿಂಬವನ್ನು ಹಾಯುವ ಹೊತ್ತನ್ನು ಭೂಮಂಡಲದ ಬೇರೆಬೇರೆ ಎಡೆಗಳಲ್ಲಿ ಗುರುತಿಸಿದರೆ ಉತ್ತರ ಸಿಕ್ಕುವುದೆಂದು ಎಡ್ಮಂಡ್ ಹ್ಯಾಲಿ 1716ರಲ್ಲಿ ದಾರಿ ತೋರಿದರು. ಅದನ್ನು ನಂಬಿ ಕ್ಯಾಪ್ಟನ್ ಕುಕ್ ಮತ್ತು ಖಗೋಳಜ್ಞ ಚಾರ್ಲ್ಸ್ ಗ್ರೀನ್ 1769ರ ಜೂನ್ 3ರಂದು ತಹೀತಿ ದ್ವೀಪದಲ್ಲಿ ದೂರದರ್ಶಕಗಳನ್ನು ಹೂಡಿದರು. ಆಕಾಶ ನಿರ್ಮಲವಾಗಿತ್ತು. ಆದರೂ ಶುಕ್ರನು ಸೂರ್ಯನ ಅಂಚಿನಿಂದ ಬಿಡಿಸಿಕೊಳ್ಳಬೇಕಾದ ಗಳಿಗೆಯಲ್ಲಿ ನಡುವೆ ‘ಕಪ್ಪು ಹನಿ’ ಎನ್ನಲಾದ ಕಪ್ಪು ಕೊರಳೊಂದು ಉಳಿಯಿತು. ಒಂದೇ ಎಡೆಯಲ್ಲಿ ನಿಂತು ನೋಡಿದವರು ಬರೆದ ಹೊತ್ತುಗಳೇ ಒಂದಕ್ಕೊಂದು ಹೊಂದಲಿಲ್ಲ.

ಶುಕ್ರನು ಹೀಗೆ ಸೂರ್ಯಬಿಂಬವನ್ನು ಹಾಯುವ ಮುಂದಿನ ಸಂಕ್ರಮಣಕ್ಕೆ ಒಂದು ಶತಮಾನವೇ ಕಾಯಬೇಕಾಯಿತು. ಅಷ್ಟರಲ್ಲಿ ಛಾಯಾಚಿತ್ರ ಕಲೆ ಹುಟ್ಟಿತ್ತು. ಕಣ್ಣು ತಪ್ಪಿದರೂ ಫಲಕ ತಪ್ಪದೆಂಬ ಭರವಸೆ ಮೂಡಿತ್ತು. 1874ರ ಡಿಸೆಂಬರ್ 9ಕ್ಕಾಗಿ ಹಲವು ರಾಷ್ಟ್ರಗಳು ಹಡಗು ಹೊರಡಿಸಿದವು. ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಆ ಸಂಕ್ರಮಣದ ವಿವರವನ್ನು ಕನ್ನಡದಲ್ಲೂ ಹೊತ್ತಗೆಯಾಗಿ ಹೊರತಂದರು. 1868ರಲ್ಲಿ ಗುಂಟೂರಿನ ಸೂರ್ಯಗ್ರಹಣವನ್ನು ಕಂಡು ಹೆಸರಾಗಿದ್ದ ಫ್ರಾನ್ಸಿನ ಜೂಲ್ಸ್ ಜಾನ್ಸೆನ್ ಜಪಾನಿನ ನಾಗಸಾಕಿಗೆ ನಡೆದರು. ಅವರ ಯಂತ್ರದಲ್ಲಿ ಬೆಳ್ಳಿಯ ಲೇಪದ ದುಂಡು ಫಲಕವು ತಡೆತಡೆದು ತಿರುಗುತ್ತ 72 ಸೆಕೆಂಡುಗಳಲ್ಲಿ 48 ಚಿತ್ರಗಳನ್ನು ಹಿಡಿಯುತ್ತಿತ್ತು. ಚಲಿಸುವುದನ್ನು ಸಾಲುಚಿತ್ರಗಳಲ್ಲಿ ಸೆರೆಹಿಡಿಯುವ ಈ ಉಪಾಯವೇ ಮುಂದೆ ಮರೇ ಎಂಬವರ ಛಾಯಾಚಿತ್ರ ಬಂದೂಕಿಗೆ ಪ್ರೇರಣೆಯಾಗಿ, ಚಲನಚಿತ್ರಕ್ಕೆ ಹಾದಿ ತೆರೆಯಿತು.

ಆದರೆ ಕಣ್ಣನ್ನು ಕಾಡಿದ ಗಾಳಿ ಫಲಕವನ್ನೂ ಬಿಡಲಿಲ್ಲ. ಬಿಸಿಗಾಳಿ, ತಂಪುಗಾಳಿಗಳ ಪದರಗಳು ಕದಡುತ್ತ ಬೆಳಕನ್ನು ಅತ್ತಿತ್ತ ಬಾಗಿಸುತ್ತವೆ. ಸೂರ್ಯನ ಅಂಚು ಕುದಿಯುವ ನೀರಿನಂತೆ ನಡುಗುತ್ತದೆ. ಹೀಗೆ ಮಸುಕಾದ ಎರಡು ಅಂಚುಗಳ ನಡುವಿನ ಬೆಳಕಿನ ಎಳೆ ಕಪ್ಪಿನಲ್ಲಿ ಅಳಿಸಿಹೋಗುತ್ತದೆ. ಬ್ರಿಟಿಷರು ತಮ್ಮ ಫಲಕಗಳನ್ನು ಸೂಕ್ಷ್ಮದರ್ಶಕದಡಿ ಅಳೆಯಹೋದಾಗ ಸೂರ್ಯನ ಅಂಚು ಎಲ್ಲಿ ಮುಗಿಯಿತೆಂಬುದೇ ತಿಳಿಯಲಿಲ್ಲ. 1881ರ ಪ್ಯಾರಿಸ್ ಸಮ್ಮೇಳನವು ಮುಂದಿನ ಸಂಕ್ರಮಣಕ್ಕೆ ಛಾಯಾಚಿತ್ರದ ಆಸೆಯನ್ನೇ ಕೈಬಿಟ್ಟಿತು.

ಅಮೆರಿಕನ್ನರು ಮಾತ್ರ ಹಟ ಬಿಡಲಿಲ್ಲ. 1882ರ ಡಿಸೆಂಬರ್ 6ರಂದು ಡೇವಿಡ್ ಪೆಕ್ ಟಾಡ್ ಕ್ಯಾಲಿಫೋರ್ನಿಯಾದ ಹ್ಯಾಮಿಲ್ಟನ್ ಬೆಟ್ಟವನ್ನೇರಿ, ಸುಮಾರು 4,200 ಅಡಿ ಎತ್ತರದ ತಿಳಿಗಾಳಿಯಲ್ಲಿ 147 ಫಲಕಗಳನ್ನು ತೆಗೆದರು. ಅಂದು ದೊರೆತ ಚಿತ್ರಮಾಲೆಗಳಲ್ಲಿ ಅದಕ್ಕೆ ಶ್ರೇಷ್ಠ ಸ್ಥಾನವಿದೆ.

ಗಾಳಿಯನ್ನು ಪೂರ್ತಿ ದಾಟಿ ನೋಡುವ ಕಾಲ 1999ರಲ್ಲಿ ಬಂದಿತು. ಟ್ರೇಸ್ ಉಪಗ್ರಹವು ಬುಧ ಸಂಕ್ರಮಣವನ್ನು ಬಾಹ್ಯಾಕಾಶದಿಂದಲೇ ಚಿತ್ರಿಸಿತು. ಅಲ್ಲಿಯೂ ಕಪ್ಪು ಹನಿಯ ಕುರುಹು ಕಂಡಿತು! ದೂರದರ್ಶಕದ ಸಹಜ ಮಸುಕೂ ಅಂಚಿನತ್ತ ಕುಂದುವ ಸೂರ್ಯನ ಕಾಂತಿಯೂ ಕೂಡಿ ಅದನ್ನು ಮೂಡಿಸುತ್ತವೆಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಗಾಳಿಯ ಮೇಲೆ ಹೊರಿಸಿದ್ದ ದೋಷದಲ್ಲಿ ಉಪಕರಣಕ್ಕೂ ಸೂರ್ಯನಿಗೂ ಪಾಲಿತ್ತು.