ಡಿಫರೆನ್ಷಿಯಲ್ ಸದ್ದು (ದುರಸ್ತಿಯ ನಂತರ)

ಹಿಂದಿನ ಆಕ್ಸಲ್ ಬಿಚ್ಚಿ ಜೋಡಿಸಿದ ಮೇಲೆ ಕೇಳುವ ಊಳು, ಗರಗರ ಅಥವಾ ‘ಟಕ್’ ಸದ್ದು. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಶಹಾಪುರ, ಸುರಪುರ ಭಾಗದಲ್ಲಿ ಸುಗ್ಗಿಯ ಭಾರ ಹೊರುವ ಗಾಡಿಗಳಿಗೆ ಇದರ ಪತ್ತೆ ಬಹಳ ಮುಖ್ಯ.

ಸದ್ದು ಯಾವಾಗ ಬರುತ್ತದೆ ಎಂಬುದೇ ಮೊದಲ ಸುಳಿವು. ಆಕ್ಸಿಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಮಾತ್ರ ಊಳಿಟ್ಟರೆ ಕ್ರೌನ್-ಪಿನಿಯನ್ ಗೇರುಗಳ ಹೊಂದಾಣಿಕೆ ತಪ್ಪಿರಬಹುದು. ತಿರುವಿನಲ್ಲಷ್ಟೇ ಬಂದರೆ ಒಳಗಿನ ಸಣ್ಣ ಗೇರುಗಳನ್ನೂ ಚಕ್ರದ ಬೇರಿಂಗನ್ನೂ ನೋಡಬೇಕು. ಗಾಡಿ ಎಳೆಯುವ ಕ್ಷಣದ ‘ಟಕ್’ಗೆ ಗೇರು ಹಲ್ಲುಗಳ ನಡುವೆ ಹೆಚ್ಚಿದ ಪ್ಲೇ (ಸಡಿಲ) ಅಥವಾ ಪ್ರೊಪೆಲರ್ ಶಾಫ್ಟಿನ ಸವೆದ ಕ್ರಾಸ್ ಕಾರಣ; ಕ್ರಾಸ್ ನೋಡದೆ ಹೌಸಿಂಗ್ ಬಿಚ್ಚುವುದು ದುಡ್ಡು ದಂಡ.

ಖಚಿತ ಪರೀಕ್ಷೆ ಹಲ್ಲಿನ ಗುರುತು. ಕ್ರೌನ್‌ನ ನಾಲ್ಕೈದು ಹಲ್ಲುಗಳಿಗೆ ಬಣ್ಣ ಸವರಿ, ತುಸು ತಡೆಯೊಡ್ಡಿ ತಿರುಗಿಸಿದರೆ ಪಿನಿಯನ್ ತಾಗಿದಲ್ಲಿ ಬಣ್ಣ ಅಳಿಯುತ್ತದೆ. ಗುರುತು ಹಲ್ಲಿನ ನಡುವೆ ಇರಬೇಕು. ತುದಿಗೋ ಬುಡಕ್ಕೋ ಸರಿದಿದ್ದರೆ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಬೇಕು. ಪ್ಲೇಯನ್ನು ಡಯಲ್ ಗೇಜಿನಿಂದಲೇ ಅಳೆಯಬೇಕು, ಕೈಯಂದಾಜು ಸಾಲದು. ಗೇರು ಬದಲಿಸುವುದಾದರೆ ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಹಾಕಬೇಕು. ಇಳಿಸಿದ ಗೇರ್ ಆಯಿಲನ್ನು ಬೆರಳಲ್ಲಿ ಉಜ್ಜಿದಾಗ ಲೋಹದ ಚೂರು ತಗುಲಿದರೆ ಗಾಡಿ ಓಡಿಸಬಾರದು.